ಮಾಗಿ ಚಳೀಲಿ ಅರವತ್ತು ಪತ್ರಿಕೆ

1/8

ಸ್ಟೋರಿ ಹಾಕಿದ ಮೇಲೆ ಡಿಎಂ ನಿಲ್ತಾನೇ ಇಲ್ಲ. "ಗುರು, ಅಕ್ಕನ ಮದುವೆ ಕಾರ್ಡ್ ಟೆಂಪ್ಲೇಟ್ ಕಳ್ಸು", "ಯಾವ ಆ್ಯಪ್‌ನಲ್ಲಿ ಮಾಡ್ದೆ?", "ಒಂದಕ್ಕೆ ಎಷ್ಟು ಬಿತ್ತು?" ಅಂತ ನಮ್ಮ ಕ್ಲಾಸಿನವರೇ ಹದಿನೈದು ಜನ ಕೇಳಿದ್ದಾರೆ.

ಟೆಂಪ್ಲೇಟ್ ಇಲ್ಲ, ಆ್ಯಪೂ ಇಲ್ಲ. ಅಮ್ಮ, ಅಕ್ಕ, ನಾನು ಮೂರು ಜನ ನಡುಮನೇಲಿ ಚಾಪೆ ಹಾಕ್ಕೊಂಡು ಕೂತು ಮಾಡಿದ ಪತ್ರಿಕೆ ಅದು. ಒಟ್ಟು ಅರವತ್ತು. ಊರಿಗೆಲ್ಲ ಹಂಚೋಕೆ 400 ಪತ್ರಿಕೆ ದೊಡ್ಡಪ್ಪ ಪ್ರೆಸ್ಸಿಗೆ ಕೊಟ್ಟಿದ್ರು. ಈ ಅರವತ್ತು ತೀರ ಹತ್ತಿರದವರಿಗೆ, ನಾವೇ ಮನೆಗೆ ಹೋಗಿ ಕೈಗೆ ಕೊಟ್ಟು ಕರೀಬೇಕಾದವರಿಗೆ.

ಹೆಂಗೆ ಮಾಡೋದು ಅಂತ ಹೇಳ್ತೀನಿ. ಆದ್ರೆ ಇದು ಬರೀ "ಹೆಂಗೆ" ಪೋಸ್ಟ್ ಅಲ್ಲ, ನನಗೆ ಇದರ ಬಗ್ಗೆ ಮೂರು ಅಭಿಪ್ರಾಯ ಇದೆ. ಒಂದು, ಚಳಿಗಾಲದ ಥೀಮ್ ಅಂದ್ರೆ ಹಿಮ ಬೀಳಿಸಲೇಬೇಕು ಅಂತ ಇಲ್ಲ. ಎರಡು, ಮನೇಲಿ ಮಾಡಿದ್ರೆ ಚೀಪ್ ಅನ್ನೋದು ಸುಳ್ಳು ಲೆಕ್ಕ. ಮೂರನೇದು ಪತ್ರಿಕೆ ಕೆಳಗೆ "ಆಹ್ವಾನಿಸುವವರು" ಅಂತ ಒಂದು ಸಾಲು ಇರುತ್ತಲ್ಲ, ಅದರ ಬಗ್ಗೆ. ಅದನ್ನ 7ನೇ ಪೋಸ್ಟಲ್ಲಿ ಹೇಳ್ತೀನಿ. ಅಲ್ಲಿಗೇ ಹಾರ್ಬೇಡಿ, ಒಂದೊಂದೇ ಓದಿ.

(ಮೊದಲ ಫೋಟೋದಲ್ಲಿ ಹೆಸರು, ಅಡ್ರೆಸ್ ಎಲ್ಲ ಮಸುಕು ಮಾಡಿದ್ದೀನಿ. ಜೂಮ್ ಮಾಡಿ ಪ್ರಯೋಜನ ಇಲ್ಲ 😄)

2/8

ಮೊದ್ಲು ಕ್ಯಾಲೆಂಡರ್.

ರೀಲ್ಸ್‌ನಲ್ಲಿ ಚಳಿಗಾಲದ ಮದುವೆ ಅಂದ್ರೆ ಡಿಸೆಂಬರ್ ಕೊನೆ ವಾರ. ನಮ್ಮ ಕಡೆ ಆ ವಾರ ಛತ್ರಗಳೆಲ್ಲ ಖಾಲಿ. ಡಿಸೆಂಬರ್ 15-16ರ ಹೊತ್ತಿಗೆ ಧನುರ್ಮಾಸ ಶುರುವಾದ್ರೆ ಜನವರಿ 14-15ರ ಸಂಕ್ರಾಂತಿವರೆಗೆ ಯಾರೂ ಮದುವೆ ಇಟ್ಕೊಳ್ಳಲ್ಲ. ಹಂಗಾಗಿ ನಮ್ಮ ಚಳಿಗಾಲದ ಮದುವೆಗಳು ತುಳಸಿ ಮದುವೆ ಮುಗಿದ ಮೇಲೆ ಕಾರ್ತೀಕ-ಮಾರ್ಗಶಿರದಲ್ಲಿ ಆಗ್ತವೆ, ಇಲ್ಲಾ ಸಂಕ್ರಾಂತಿ ಕಳೆದು ಮಾಘದಲ್ಲಿ. ಅಕ್ಕಂದು ಮಾಘದಲ್ಲಿ, ಅಂದ್ರೆ ಫೆಬ್ರವರಿಲಿ.

ಇದರಲ್ಲಿ ನಮಗೊಂದು ಲಾಭ ಆಯ್ತು. ಧನುರ್ಮಾಸದಲ್ಲಿ ಮದುವೆ ಓಡಾಟ ಇಲ್ಲ. ರಾಗಿ ಕೊಯ್ದು ಆಗಿರುತ್ತೆ. ಬೆಳಗ್ಗೆ ಎಂಟಾದ್ರೂ ಮೊಸಳೆ ಕಡೆ ರಸ್ತೆ ಕಾಣಲ್ಲ, ಬೈಕಿನ ಲೈಟ್ ಹಾಕ್ಕೊಂಡೇ ಕಾಲೇಜಿಗೆ ಬರ್ಬೇಕು. ಸಂಜೆ ಆರಕ್ಕೆಲ್ಲ ಬಾಗಿಲು ಹಾಕ್ಕೊಂಡು ಒಳಗೆ ಕೂರೋ ಕಾಲ. ಹಾಸನನ ಸುಮ್ನೆ "ಬಡವರ ಊಟಿ" ಅಂತಾರಾ? ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಿಂತ ಮೇಲಿದ್ದೀವಿ. ಕೂತು ಕೆಲಸ ಮಾಡೋಕೆ ಇದಕ್ಕಿಂತ ಒಳ್ಳೆ ತಿಂಗಳು ಸಿಗಲ್ಲ. ಎದುರಿಗೆ ಅವರೆಕಾಯಿ ಮೊರ ಇರುತ್ತೆ, ಅಜ್ಜಿ ಕಾಳು ಬಿಡಿಸ್ತಾ ಇರ್ತಾಳೆ, ನಾವು ಕಾಗದ ಕತ್ತರಿಸ್ತಾ ಇರ್ತೀವಿ.

ಅಜ್ಜಿ ಒಂದೇ ಕಂಡೀಷನ್ ಹಾಕಿದ್ದು: "ಬರ್ಕಳಿ, ಅಂಟಿಸ್ಕಳಿ, ಏನಾರ ಮಾಡ್ಕಳಿ. ಮೂಲೆಗೆ ಅರಿಶಿನ ಹಚ್ಚದು ಮಾತ್ರ ಸಂಕ್ರಾಂತಿ ಕಳ್ದ್ ಮ್ಯಾಲೆ." ಅರಿಶಿನ ಹಚ್ಚೋವರೆಗೂ ಅದು ಬರೀ ಕಾಗದ, ಹಚ್ಚಿದ ಮೇಲೆ ಲಗ್ನಪತ್ರಿಕೆ ಅಂತ ಅವಳ ಲೆಕ್ಕ. ಒಪ್ಕೊಂಡ್ವಿ.

3/8

ಈಗ ಹಿಮದ ವಿಷಯ.

ಅಕ್ಕ ಪಿಂಟರೆಸ್ಟ್‌ನಲ್ಲಿ ನಲವತ್ತು ಡಿಸೈನ್ ಸೇವ್ ಮಾಡ್ಕೊಂಡಿದ್ಲು. ಎಲ್ಲದರಲ್ಲೂ ಅದೇ: ಬೆಳ್ಳಿ ಗ್ಲಿಟರ್, ಪೈನ್ ಮರದ ಕಾಯಿ, ಜಿಂಕೆ, ಹಿಮದ ಹರಳು. ನಾನೂ ಖುಷೀಲಿ ಬಿಳಿ ಕಾಗದ ಮಡಚಿ, ಆರು ಕೈ ಇರೋ ಹಿಮದ ಹರಳು ಕತ್ತರಿಸಿ ತೋರಿಸ್ದೆ. ಅಜ್ಜಿ ಕನ್ನಡಕ ಏರಿಸ್ಕೊಂಡು ನೋಡಿ, "ಚುಕ್ಕಿ ರಂಗೋಲಿನೇನ್ಲಾ? ಚುಕ್ಕಿನೇ ಇಟ್ಟಿಲ್ವಲ್ಲ" ಅಂದ್ಲು.

ನಗು ಬಂತು. ಆಮೇಲೆ ಯೋಚನೆ ಬಂತು. ಈ ಆರು ಕೈ ಯಾಕೆ ಅಂತ ಹುಡುಕ್ದೆ. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಆರು ಮೂಲೆಯ ಜೋಡಣೇಲಿ ಕೂರೋದ್ರಿಂದ ಹರಳು ಆ ಆಕಾರಕ್ಕೆ ಬೆಳೆಯುತ್ತಂತೆ. ಹುಡುಕ್ತಾ ಹುಡುಕ್ತಾ ಅಮೆರಿಕದ ವರ್ಮೊಂಟ್‌ನಲ್ಲಿದ್ದ ವಿಲ್ಸನ್ ಬೆಂಟ್ಲಿ ಅನ್ನೋರ ಕಥೆ ಸಿಕ್ತು. ರೈತ. 1885ರಲ್ಲಿ, ಇನ್ನೂ 20 ತುಂಬೋ ಮೊದಲೇ, ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಒಂದೇ ಒಂದು ಹಿಮದ ಹರಳಿನ ಫೋಟೋ ತೆಗೆದ. ಮುಂದೆ ಜೀವನಪೂರ್ತಿ ಅಂಥ ಫೋಟೋ ತೆಗೀತಾನೇ ಇದ್ದ.

ಅವನು ಆ ವಯಸ್ಸಲ್ಲಿ ಮಾಡಿದ್ದು ಇಷ್ಟೇ: ತನ್ನ ಮನೆ ಮುಂದೆ ಬೀಳೋದನ್ನ ಚೆನ್ನಾಗಿ ನೋಡಿದ. ನಾವು ಅವನ ಮನೆ ಮುಂದೆ ಬಿದ್ದಿದ್ದನ್ನ ನಮ್ಮ ಕಾರ್ಡಿಗೆ ಅಂಟಿಸ್ತಾ ಇದ್ದೀವಿ. ನಮ್ಮ ಮನೆ ಮುಂದೆ ಏನು ಬೀಳುತ್ತೆ ಅಂತ ನೋಡೇ ಇಲ್ಲ.

ಹಿಮ ಹಾಕೋದು ತಪ್ಪು ಅಂತ ಹೇಳ್ತಿಲ್ಲ. ಮನಾಲಿಲಿ ಮದುವೆ ಆದ್ರೆ ಹಾಕ್ಕೊಳ್ಳಿ. ಆದ್ರೆ ಹಾಸನದ ಛತ್ರಕ್ಕೆ ಬರೋ ಅತಿಥಿ ಸ್ವೆಟರ್ ಹಾಕ್ಕೊಂಡು, ಮಫ್ಲರ್ ಸುತ್ಕೊಂಡು, ಇಬ್ಬನೀಲಿ ನೆನೆದು ಬರ್ತಾರೆ. ಅವರ ಕೈಗೆ ಕೊಡೋ ಪತ್ರಿಕೇಲೂ ಅದೇ ಚಳಿ ಇರ್ಲಿ.

4/8

ಹಂಗಾದ್ರೆ ಏನು ಹಾಕಿದ್ವಿ?

ಮೊದಲನೇದು, ಮೊಸಳೆ ದೇವಸ್ಥಾನ. ಗೊತ್ತಿಲ್ಲದೋರಿಗೆ: ಮೊಸಳೇಲಿ ನಾಗೇಶ್ವರ, ಚೆನ್ನಕೇಶವ ಅಂತ ಎರಡು ಹೊಯ್ಸಳ ದೇವಸ್ಥಾನ ಅಕ್ಕಪಕ್ಕ ನಿಂತಿವೆ, ಸುಮಾರು 1200ರ ಹೊತ್ತಿನವು. ಒಂದು ಶಿವಂದು, ಒಂದು ವಿಷ್ಣುದು, ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ಬೇಲೂರು ಹಳೇಬೀಡಿಗೆ ಬಸ್ಸುಗಟ್ಟಲೆ ಜನ ಹೋಗ್ತಾರೆ, ಇಲ್ಲಿಗೆ ಬರೋರು ಕಮ್ಮಿ. ಚಳಿಗಾಲದ ಬೆಳಗ್ಗೆ ಮಂಜಲ್ಲಿ ಎರಡರದ್ದೂ ಆಕಾರ ಮಾತ್ರ ಕಾಣುತ್ತೆ, ಜೊತೇಲಿ ನಿಂತ ಇಬ್ಬರ ಹಾಗೆ. ಮದುವೆ ಪತ್ರಿಕೆಗೆ ಇನ್ನೇನು ಬೇಕು ಹೇಳಿ? ಇನ್ನೊಂದು ಅನುಕೂಲ: ಎರಡೂ ಒಂದೇ ಥರ ಇರೋದ್ರಿಂದ ಸ್ಟೆನ್ಸಿಲ್ ಒಂದೇ ಕತ್ತರಿಸಿದ್ರೆ ಸಾಕು, ಅದನ್ನೇ ಎರಡು ಸಲ ಇಟ್ಕೊಬಹುದು.

ಎರಡನೇದು, ಹುಚ್ಚೆಳ್ಳು ಹೂವು. ರಾಗಿ ಹೊಲದ ಸಾಲಲ್ಲಿ ಹಳದಿ ಹೊದ್ದು ನಿಲ್ಲುತ್ತಲ್ಲ, ಅದೇ. ಇದಕ್ಕೆ ಮುಂಚೇನೇ ತಯಾರಿ ಬೇಕು. ಸಂಕ್ರಾಂತಿ ಹೊತ್ತಿಗೆ ಹುಡುಕಿದ್ರೆ ಹೊಲ ಖಾಲಿ ಆಗಿರುತ್ತೆ. ನಾವು ನವೆಂಬರ್‌ನಲ್ಲೇ ಕಿತ್ತು, ಹಳೇ ಪೇಪರ್ ಮಧ್ಯ ಇಟ್ಟು, ನನ್ನ ಕಾಸ್ಟ್ ಅಕೌಂಟಿಂಗ್ ಪುಸ್ತಕದೊಳಗೆ ಹತ್ತು ದಿನ ಒತ್ತಿಟ್ವಿ. ಕೆಲವು ಕಂದಾಗಿ ಹೋದ್ವು. ಉಳಿದವು ಹಳದಿನೇ ಇದ್ವು.

ಮೂರನೇದು, ಬಣ್ಣ. ಅರಿಶಿನಕ್ಕೆ ಸುಣ್ಣದ ತಿಳಿನೀರು ಬಿದ್ರೆ ಕೆಂಪಾಗುತ್ತೆ, ಆರತಿ ತಟ್ಟೇಲಿ ಎಲ್ಲರೂ ನೋಡಿರ್ತೀರ. ಅದೇ ಕೆಂಪಲ್ಲಿ ಅಂಚು ಬಳಿಬೇಕು ಅಂತ ನನ್ನ ಪ್ಲಾನ್ ಇತ್ತು. ಒಂದು ಸ್ಯಾಂಪಲ್ ಮಾಡಿ ಕಿಟಕಿ ಹತ್ರ ಇಟ್ಟೆ, ಬಿಸಿಲಿಗೆ ಪೇಲವ ಆಗೋಯ್ತು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲಲ್ಲ. ಕೊನೆಗೆ ಅಂಚಿಗೆ ಪೋಸ್ಟರ್ ಕಲರ್ ಹಾಕಿದ್ವಿ. ಅರಿಶಿನ ಮೂಲೆಗೆ ಮಾತ್ರ.

5/8

ಮಾಡೋ ವಿಧಾನ. ಸೇವ್ ಮಾಡ್ಕೊಳ್ಳಿ.

ಕಾಗದ: 250 ಜಿಎಸ್‌ಎಂ ಐವರಿ ಶೀಟ್, ಎ4 ಸೈಜ್. ಒಂದು ಶೀಟನ್ನ ಅರ್ಧ ಮಾಡಿದ್ರೆ ಎರಡು ಪತ್ರಿಕೆ. ಪೂರ್ತಿ ಎ4 ಮಡಚಿ ಪುಸ್ತಕದ ಥರ ಮಾಡೋಣ ಅಂತ ಅಕ್ಕ ಅಂದ್ಲು, ನಾನು ಬೇಡ ಅಂದೆ. ಲೆಕ್ಕ ನೋಡಿ: 250 ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಕಾಗದ 250 ಗ್ರಾಂ. ಎ4 ಅದರ ಹದಿನಾರನೇ ಒಂದು ಭಾಗ, ಅಂದ್ರೆ 15.6 ಗ್ರಾಂ. ಕವರು, ಹೂವು, ಅಂಟು ಸೇರಿದ್ರೆ 20 ಗ್ರಾಂ ದಾಟುತ್ತೆ, ಅಂಚೇಲಿ ಕಳಿಸುವಾಗ ಸ್ಟಾಂಪ್ ಜಾಸ್ತಿ ಬೀಳುತ್ತೆ. ಅರ್ಧ ಶೀಟ್ ಆದ್ರೆ 8 ಗ್ರಾಂ ಒಳಗೆ.

ಸ್ಟೆನ್ಸಿಲ್: ಹಳೇ ಪ್ಲಾಸ್ಟಿಕ್ ಫೈಲಿನ ಕವರ್ ಮೇಲೆ ದೇವಸ್ಥಾನದ ಹೊರಗೆರೆ ಬರೆದು ಕಟರ್‌ನಲ್ಲಿ ಕತ್ತರಿಸಿ. ಸ್ಪಂಜಿಗೆ ಬೂದು ಬಣ್ಣ ತೀರ ಕಮ್ಮಿ ತಗೊಂಡು ಮೇಲಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ಬುಡಕ್ಕೆ ಬರೋ ಹೊತ್ತಿಗೆ ಬಣ್ಣ ಮುಗಿದಿರ್ಬೇಕು. ಆ ಬಿಳಿನೇ ಮಂಜು, ಬೇರೆ ಮಂಜು ಬಳಿಯೋದು ಬೇಡ.

ಅಂಟು: ಫೆವಿಕಾಲ್‌ಗೆ ನೀರು ಜಾಸ್ತಿ ಹಾಕಿದ್ರೆ ಕಾಗದ ಅಲೆಅಲೆ ಏಳುತ್ತೆ. ಚಳೀಲಿ ಒಣಗೋದೂ ನಿಧಾನ. ರಾತ್ರಿ ಅಂಟಿಸಿ ಕಿಟಕಿ ಹತ್ರ ಬಿಟ್ರೆ ತೇವಕ್ಕೆ ಸುರುಳಿ ಸುತ್ಕೊಳ್ಳುತ್ತೆ. ಮಧ್ಯಾಹ್ನ ಅಂಟಿಸಿ, ಮೇಲೊಂದು ಹಲಗೆ ಇಟ್ಟು ಭಾರ ಹೇರಿ.

ಬರಹ: ಜೆಲ್ ಪೆನ್. ಇಂಕ್ ಪೆನ್ ಬೇಡ, ಒದ್ದೆ ಕೈ ತಾಗಿದ್ರೆ ಮುಗೀತು.

ಮುಖ್ಯವಾದ್ದು: ಗಂಡು ಹೆಣ್ಣಿನ ಪೂರ್ತಿ ಹೆಸರು, ತಾರೀಖು, ಮದುವೆ ಜಾಗ ಸ್ಪಷ್ಟವಾಗಿರ್ಲಿ. ಮದುವೆ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದಾಗ ಲಗ್ನಪತ್ರಿಕೇನೂ ಕೇಳ್ತಾರೆ. ಪತ್ರಿಕೆ ಬರೀ ಅಲಂಕಾರ ಅಲ್ಲ ಕಣ್ರೋ, ಅದೊಂದು ದಾಖಲೆ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

6/8

"ಮನೇಲೇ ಮಾಡಿದ್ರಲ್ಲ, ದುಡ್ಡು ಉಳೀತು ಬಿಡು." ಇದನ್ನ ಹೇಳಿದೋರೆಲ್ಲ ಈ ಪೋಸ್ಟ್ ಓದ್ಬೇಕು. ಬಿಕಾಂ ಓದ್ತಾ ಇದ್ದೀವಿ, ಒಂದು ಕಾಸ್ಟ್ ಶೀಟಾದ್ರೂ ಹಾಕೋಣ.

ಐವರಿ ಶೀಟ್ 36 (ಕೆಟ್ಟಿದ್ದೂ ಸೇರಿ), 8 ರೂಪಾಯಿಯಂತೆ: 288
ಕವರ್ 60, 4 ರೂಪಾಯಿಯಂತೆ: 240
ಪೆನ್ನು, ಬಣ್ಣ: 90
ಫೆವಿಕಾಲ್: 40
ದಾರ: 30
ಒಟ್ಟು ಸಾಮಾನು: 688 ರೂಪಾಯಿ

ಅರವತ್ತಕ್ಕೆ ಭಾಗ ಮಾಡಿದ್ರೆ ಒಂದಕ್ಕೆ 11 ರೂಪಾಯಿ 47 ಪೈಸೆ. ಪ್ರೆಸ್ಸಲ್ಲಿ ಒಂದಕ್ಕೆ 14. "ನೋಡಿದ್ಯಾ, ಉಳೀತು!" ಅಂತೀರ. ನಿಲ್ಲಿ, ಕೂಲಿ ಎಲ್ಲಿ?

ಒಂದು ಪತ್ರಿಕೆಗೆ ಸರಾಸರಿ 25 ನಿಮಿಷ. ಅರವತ್ತಕ್ಕೆ 25 ಗಂಟೆ. ಸ್ಟೆನ್ಸಿಲ್ ಕತ್ತರಿಸಿದ್ದು, ಹೂವು ಒತ್ತಿದ್ದು, ಕೆಟ್ಟಿದ್ದನ್ನ ಮತ್ತೆ ಮಾಡಿದ್ದು 5 ಗಂಟೆ. ಒಟ್ಟು 30 ಗಂಟೆ. ದಿನಕ್ಕೆ 8 ಗಂಟೆ ಅಂದ್ರೆ ಮೂರು ಮುಕ್ಕಾಲು ದಿನದ ಕೆಲಸ. 2025-26ಕ್ಕೆ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ. ಅದೇ ರೇಟ್ ಹಿಡಿದ್ರೂ 1,387 ರೂಪಾಯಿ 50 ಪೈಸೆ ಕೂಲಿ. ಸಾಮಾನು ಸೇರಿಸಿದ್ರೆ 2,075 ರೂಪಾಯಿ 50 ಪೈಸೆ. ಒಂದು ಪತ್ರಿಕೆಗೆ ಸುಮಾರು 34 ರೂಪಾಯಿ 60 ಪೈಸೆ. ಪ್ರೆಸ್ಸಿನ ಎರಡರಷ್ಟಕ್ಕಿಂತ ಜಾಸ್ತಿ.

ಕೈಯಿಂದ ದುಡ್ಡು ಹೋಗದೇ ಇದ್ರೂ ಲೆಕ್ಕಕ್ಕೆ ಹಿಡೀಬೇಕಾದ ಖರ್ಚಿಗೆ ಇಂಪ್ಯೂಟೆಡ್ ಕಾಸ್ಟ್ ಅಂತಾರೆ ಅಂತ ಸರ್ ಬರೆಸಿದ್ರಲ್ಲ? ಪರೀಕ್ಷೇಲಿ ಐದು ಮಾರ್ಕ್ಸಿಗೆ ಬರೀತೀವಿ, ಮನೆಗೆ ಬಂದ್ರೆ ಮರೀತೀವಿ.

ಆ 30 ಗಂಟೇಲಿ ನಂದು 9. ಅಕ್ಕ ಬೆಂಗಳೂರಿಂದ ಭಾನುವಾರ ಮಾತ್ರ ಬರ್ತಿದ್ಲು, ಅವಳದ್ದು 6. ಉಳಿದ 15 ಗಂಟೆ ಅಮ್ಮಂದು. ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದು, ಅಡುಗೆ ಮುಗಿಸಿ, ಆಮೇಲೆ ಕೂತು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಅಮ್ಮಂದು ಎಸ್ಸೆಸ್ಸೆಲ್ಸಿವರೆಗೂ ಓದಿದ ಮುತ್ತಿನಂಥ ಅಕ್ಷರ. ಅರವತ್ತನ್ನೂ ಬರೆದಿದ್ದು ಅವಳೇ.

7/8

ಈಗ ಮೂರನೇದು.

ಪತ್ರಿಕೆ ಬರೆಯೋಕೆ ಶುರು ಮಾಡಿದಾಗ ಮ್ಯಾಟರ್ ಬೇಕಲ್ಲ, ದೊಡ್ಡಪ್ಪ ಪ್ರೆಸ್ಸಿಂದ ಬಂದ ಪ್ರೂಫನ್ನ ವಾಟ್ಸಾಪ್ ಮಾಡಿದ್ರು. ಅಮ್ಮ ಅದನ್ನೇ ನೋಡ್ಕೊಂಡು ಬರೀತಾ ಇದ್ಲು. ನಾನು ಪಕ್ಕದಲ್ಲಿ ಹೂವು ಅಂಟಿಸ್ತಾ ಇದ್ದೆ. ನಾಲ್ಕನೇ ಪತ್ರಿಕೆ ಮುಗಿದಾಗ ಎತ್ಕೊಂಡು ಓದ್ದೆ.

ಅಕ್ಕನ ಹೆಸರಿನ ಕೆಳಗೆ, ಇಂಥವರ ಮಗಳು ಅನ್ನೋ ಕಡೆ, ಅಮ್ಮನ ಹೆಸರು, ದಿವಂಗತ ಅಂತ ಅಪ್ಪನ ಹೆಸರು ಇತ್ತು. ಕೆಳಗೆ "ಆಹ್ವಾನಿಸುವವರು" ಅನ್ನೋ ಕಡೆ ದೊಡ್ಡಪ್ಪ, ಚಿಕ್ಕಪ್ಪ, ಆಮೇಲೆ ನಾನು. ಅಮ್ಮ ಇಲ್ಲ.

ನನಗೆ 20 ವರ್ಷ. ಇವತ್ತಿಗೂ ಬಸ್ ಪಾಸಿಗೆ ಅಮ್ಮನ ಹತ್ರಾನೇ ದುಡ್ಡು ಇಸ್ಕೊಳ್ತೀನಿ. ಅಪ್ಪ ಹೋಗಿ ಮೂರು ವರ್ಷ ಆಯ್ತು. ಅಕ್ಕನ ಓದು ಮುಗಿಸಿದ್ದು, ಮದುವೆಗೆ ಹಾಲಿನ ದುಡ್ಡು ಕೂಡಿಟ್ಟಿದ್ದು, ಸಂಘದಲ್ಲಿ ಸಾಲ ಎತ್ತಿದ್ದು, ವಾರ ವಾರ ಕಟ್ತಾ ಇರೋದು ಅಮ್ಮ. ಮದುವೆಗೆ ಕರೆಯೋನು ಮಾತ್ರ ನಾನು. ಅದನ್ನ ಅಮ್ಮ ತನ್ನ ಕೈಯಾರೆ ಬರೀತಾ ಇದ್ದಾಳೆ, ನಾಲ್ಕು ಸಲ ಬರೆದಾಗಿದೆ.

"ನಿನ್ನ ಹೆಸರು ಯಾಕಿಲ್ಲ?" ಅಂದೆ. "ಎಲ್ಲಾರೂ ಹಿಂಗೇ ಹಾಕ್ಸದು ಕಣಪ್ಪ. ಬರಿ ನೀನು" ಅಂದ್ಲು. ಅಕ್ಕ ಫೋನಲ್ಲಿದ್ಲು. ಅವಳು ಅಂದಿದ್ದು ಒಂದೇ ಮಾತು: "ನನ್ನ ಮದುವೆಗೆ ನಮ್ಮಮ್ಮ ಕರೀಲಿಲ್ಲ ಅಂದ್ರೆ ನಾನ್ಯಾಕೆ ಬರ್ಲಿ?"

ಅಜ್ಜಿ ಒಪ್ಲಿಲ್ಲ. ನಿಮ್ಮ ದೊಡ್ಡಪ್ಪಂಗೆ ಬೇಜಾರಾಗುತ್ತೆ ಅಂದ್ಲು. ಅದೂ ನಿಜವೇ. ಅಪ್ಪ ಹೋದಾಗಿಂದ ಆಸ್ಪತ್ರೆ, ಬ್ಯಾಂಕು, ಪಹಣಿ ಅಂತ ಓಡಾಡಿದ್ದು ಅವರೇ. ಹಂಗಾಗಿ ಯಾರ ಹೆಸರನ್ನೂ ತೆಗೀಲಿಲ್ಲ. ಅಮ್ಮಂದು ಮೊದಲು. ಆಮೇಲೆ ದೊಡ್ಡಮ್ಮ ದೊಡ್ಡಪ್ಪ, ಚಿಕ್ಕಮ್ಮ ಚಿಕ್ಕಪ್ಪ. ಕೊನೇಲಿ ನಾನು. ಹಿಂದಿನ ಪೋಸ್ಟಲ್ಲಿ 36 ಶೀಟ್ ಅಂದಿದ್ನಲ್ಲ, ಅದರಲ್ಲಿ ಎರಡು ಶೀಟ್ ಕೆಟ್ಟಿದ್ದಲ್ಲ. ಆ ನಾಲ್ಕು ಪತ್ರಿಕೆ ಅವು.

ಐದನೇದರಲ್ಲಿ ತನ್ನ ಹೆಸರು ಬರೆಯೋಕೆ ಅಮ್ಮ ತುಂಬಾ ಹೊತ್ತು ತಗೊಂಡ್ಲು.

8/8

ಪ್ರೆಸ್ಸಿನ 400 ಹಳೇ ಪ್ರೂಫಿನ ಹಾಗೇ ಬಂದ್ವು. ಅಷ್ಟೊತ್ತಿಗೆ ಪ್ರಿಂಟ್ ಆಗೋಗಿತ್ತು. ನಾವು ಗೆದ್ದಿದ್ದು ಅರವತ್ತರಲ್ಲಿ ಮಾತ್ರ, ಅದನ್ನ ಮುಚ್ಚಿಡಲ್ಲ.

ಸಂಕ್ರಾಂತಿ ಮಾರನೇ ದಿನ ಮೂಲೆಗೆ ಅರಿಶಿನ ಹಚ್ಚಿದ್ವಿ. ಮೊದಲನೇದು ಮನೆದೇವರಿಗೆ, ಎರಡನೇದು ದೊಡ್ಡಪ್ಪಂಗೆ. ಅವರು ಎರಡು ಸಲ ಓದಿದ್ರು. "ಅಕ್ಷರ ಯಾರ್ದು?" ಅಂದ್ರು. ಅಮ್ಮಂದು ಅಂದೆ. "ಚೆನ್ನಾಗಿದೆ" ಅಂತ ದೇವರ ಫೋಟೋ ಮುಂದೆ ಇಟ್ರು. ಹೆಸರಿನ ಬಗ್ಗೆ ಏನೂ ಮಾತಾಡ್ಲಿಲ್ಲ.

ಕುಂಕುಮ ಕೊಟ್ಟು ಕರೀಬೇಕು ಅಂತ ಅಮ್ಮ ಮದುವೆ ಕರೆಯೋಕೆ ಎಲ್ಲೂ ಹೊರಡ್ತಿರ್ಲಿಲ್ಲ. ಅರಕಲಗೂಡು ಕಡೆ ಅವಳ ತವರಿಗೆ ಹೋಗೋ ದಿನ ದೊಡ್ಡಮ್ಮನೇ ಬಂದು, "ಬಾರೆ, ಕುಂಕುಮ ನಾನ್ ಕೊಡ್ತೀನಿ, ಪತ್ರಿಕೆ ನೀನ್ ಕೊಡೀವಂತೆ" ಅಂದ್ರು. ಇಬ್ಬರೂ ಹೋಗಿ ಬಂದ್ರು. ಹಿಂಗೂ ಆಗುತ್ತೆ ಅಂತ ನಮಗೆ ಗೊತ್ತಿರ್ಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. 400 ಪತ್ರಿಕೆ ಕೈಲಿ ಮಾಡೋಕೆ ಹೋಗ್ಬೇಡಿ, ಅಮ್ಮಂದಿರ ಬೆನ್ನು ಹೋಗುತ್ತೆ. ಐವತ್ತೋ ಅರವತ್ತೋ ಮಾಡಿ. ಖರ್ಚು ಉಳಿಸೋಕೆ ಅಂತ ಮಾಡ್ಬೇಡಿ, ಉಳಿಯಲ್ಲ. ಪ್ರೆಸ್ಸಲ್ಲಿ ಮ್ಯಾಟರ್ ಮೊದಲೇ ರೆಡಿ ಇರುತ್ತೆ, ನಾವು ಹೆಸರು ತುಂಬಿಸಿ ಓಕೆ ಅಂತೀವಿ. ಕೈಲಿ ಬರೆಯುವಾಗ ಪ್ರತಿ ಸಾಲೂ ನಿಧಾನಕ್ಕೆ ಕಣ್ಣಿಗೆ ಬೀಳುತ್ತೆ. ಅರವತ್ತು ಸಲ ಬರೀಬೇಕಾದ ಮಾತು ನಿಜ ಇಲ್ದಿದ್ರೆ ನಾಲ್ಕನೇ ಸಲಕ್ಕೇ ಗೊತ್ತಾಗಿಬಿಡುತ್ತೆ. ಮನೇಲಿ ಮಾಡೋದಕ್ಕೆ ನನಗೆ ಸಿಕ್ಕ ಕಾರಣ ಅದು.

ಈಗ ಒಂದು ಕೆಲಸ ಮಾಡಿ. ನಿಮ್ಮ ಮನೆ ಷೋಕೇಸಲ್ಲೋ ಕ್ಯಾಲೆಂಡರ್ ಹಿಂದೇನೋ ಒಂದು ಮದುವೆ ಪತ್ರಿಕೆ ಇದ್ದೇ ಇರುತ್ತೆ. ತೆಗೆದು "ಆಹ್ವಾನಿಸುವವರು" ಓದಿ. ಆ ಮದುವೆಗೆ ಬೆನ್ನು ಮುರಿದು ದುಡಿದೋರ ಹೆಸರು ಅಲ್ಲಿದ್ಯಾ? ಕಮೆಂಟಲ್ಲಿ ಹೇಳಿ. ಹೆಸರು ಹಾಕ್ಬೇಡಿ, ಇದೆ ಇಲ್ಲ ಅಷ್ಟು ಸಾಕು.

ಸ್ಟೆನ್ಸಿಲ್ ಬೇಕಾದೋರು ಕಾಲೇಜಲ್ಲಿ ಸಿಗಿ, ಕೊಡ್ತೀನಿ. ವಾಪಸ್ ಕೊಡ್ಬೇಕು. ತಂಗಿ ಇರೋರು ಮೊದಲು.

#ಮಾಗಿಚಳಿ #ಮೊಸಳೆ #ಅಕ್ಕನಮದುವೆ #ಕೈಬರಹದಪತ್ರಿಕೆ #ಹಾಸನ